ಏಳನೇ ಬಿಲ್ಲೆ

12 ಫೆಬ್ರವರಿ 1995, ಭಾನುವಾರ

ರಾತ್ರಿ ಎರಡೂ ಮುಕ್ಕಾಲು. ಎಬ್ಬಿಸಿದ್ದು ಮಗುವಲ್ಲ, ಹಜಾರದ ಕ್ಯಾನಿನ ಮುಚ್ಚಳ. ಒಳಗಿರುವ ದ್ರವ ಸಾರಜನಕ ಸದಾ ಕುದಿಯುತ್ತಿರುತ್ತದೆ. ಆವಿ ಮೇಲೆ ಬಂದು ಮುಚ್ಚಳವನ್ನು ಕೂದಲೆಳೆಯಷ್ಟು ಎತ್ತುತ್ತದೆ, ಮುಚ್ಚಳ ಮತ್ತೆ ಕೂರುತ್ತದೆ. ಟಕ್. ಈ ಮನೆಯಲ್ಲಿ ಇದು ಕೇಳಿಸುವುದು ನನಗೊಬ್ಬಳಿಗೇ. ಇವರಿಗೆ ಕೇಳಿಸುವುದಿಲ್ಲ, ಅತ್ತೆಗೆ ಕೇಳಿಸುವುದಿಲ್ಲ, ನಾಲ್ಕು ತಿಂಗಳ ಶೃತಿಗೆ ತನ್ನ ಅಳು ಬಿಟ್ಟು ಬೇರೇನೂ ಕೇಳಿಸುವುದಿಲ್ಲ.

ಕ್ಯಾನು ಪಶುವೈದ್ಯ ಇಲಾಖೆಯದು. ಇವರು ಕಡಬದ ಕೇಂದ್ರದಲ್ಲಿ ಇನ್‌ಸ್ಪೆಕ್ಟರ್, ಹಸುಗಳಿಗೆ ಕೃತಕ ಗರ್ಭಧಾರಣೆ ಮಾಡಿಸುವುದು ಕೆಲಸ. ಅದಕ್ಕೆ ಬೇಕಾದ ಹೋರಿ ವೀರ್ಯ ತೆಳ್ಳನೆಯ ಕಡ್ಡಿಗಳಲ್ಲಿ ಹೆಪ್ಪುಗಟ್ಟಿ ಈ ಕ್ಯಾನಿನೊಳಗೆ ಕೂತಿರುತ್ತದೆ. ಕೇಂದ್ರಕ್ಕೆ ಬಾಗಿಲಿಲ್ಲ, ಆದ್ದರಿಂದ ಕ್ಯಾನು ಗುಬ್ಬಿಯ ನಮ್ಮ ಮನೆಯಲ್ಲಿದೆ. ಬಾಗಿಲು ಮಂಜೂರಾಗಿದೆಯಂತೆ.

ನಾನು ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು, ಹಾಗಾಗಿ ಭಯವಾದಾಗ ಲೆಕ್ಕ ಹಾಕಬಲ್ಲೆ. ಒಂದು ಲೀಟರ್ ದ್ರವ ಆವಿಯಾದರೆ ಸುಮಾರು ಏಳುನೂರು ಲೀಟರ್ ಅನಿಲ. ಕ್ಯಾನು ಉರುಳಿದರೆ ಹಜಾರದ ಗಾಳಿಯಲ್ಲಿ ಆಮ್ಲಜನಕ ಎಷ್ಟು ಉಳಿಯುತ್ತದೆ ಎಂದು ಲೆಕ್ಕ ಹಾಕಿದೆ. ದೊಡ್ಡವರು ಬದುಕುತ್ತೇವೆ, ತಲೆನೋವು ಬರಬಹುದು. ಆದರೆ ತಣ್ಣನೆಯ ಅನಿಲ ನೆಲಕ್ಕಿಳಿಯುತ್ತದೆ, ಮಗು ಮಲಗುವುದೂ ನೆಲದ ಹತ್ತಿರ. ಎದ್ದು ಕಿಟಕಿ ತೆಗೆದೆ. ಕನ್ನಡಕವನ್ನು ಮಗುವಿನ ಮೂಗಿನ ಹತ್ತಿರ ಹಿಡಿದೆ. ಗಾಜು ಮಂಜಾಯಿತು. ಒರೆಸಿ ಇನ್ನೊಮ್ಮೆ ಹಿಡಿದೆ.

"ಏನೇ ವನಜಾ, ಈ ಚಳಿಯಾಗೆ ಕಿಟ್ಕಿ ತೆಗ್ದಿದ್ದೀಯಲ್ಲ, ಮಗೀಗೆ ಶೀತ ಆಗಾಕಿಲ್ವಾ?" ಎಂದು ಅತ್ತೆ ಎದ್ದು ಬಂದು ಮುಚ್ಚಿದರು. ಅವರು ಮಲಗಿದ ಮೇಲೆ ನಾನು ಮತ್ತೆ ತೆಗೆದೆ.

ಈ ಡೈರಿಯನ್ನು ಇವರಿಗೆ ಕೊಟ್ಟದ್ದು ದನದ ಔಷಧಿ ಮಾರುವವರು. ಪ್ರತಿ ಪುಟದ ಅಡಿಯಲ್ಲಿ ಒಂದು ಸಾಲು ಅಚ್ಚಾಗಿದೆ. ಇವತ್ತಿನದು: "ತಾಯಿ ನೆಮ್ಮದಿಯಾಗಿದ್ದರೆ ಕರು ಚುರುಕು."

14 ಫೆಬ್ರವರಿ, ಮಂಗಳವಾರ

ಮೇಷ್ಟ್ರು ಬಂದಿದ್ದರು. ಲಕ್ಷ್ಮೀನರಸಿಂಹಯ್ಯನವರು ತುಮಕೂರಿನ ಕಾಲೇಜಿನಲ್ಲಿ ನನಗೆ ಪಾಠ ಹೇಳಿದವರು, ನಾಲ್ಕು ವರ್ಷದಿಂದ ನನ್ನನ್ನು ಅರೆಕಾಲಿಕ ಉಪನ್ಯಾಸಕಿಯಾಗಿ ಇಟ್ಟುಕೊಂಡವರು, ಮಾರ್ಚ್ ಕೊನೆಗೆ ನಿವೃತ್ತರಾಗುವವರು. ಬಸ್ಸಿನಲ್ಲಿ ಒಂದು ಹಾಲುಪುಡಿ ಡಬ್ಬಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಬಂದರು. ಒಳಗೆ ಹತ್ತಿಯಲ್ಲಿ ಸುತ್ತಿದ ಏಳು ಕಪ್ಪು ಬಿಲ್ಲೆಗಳು.

ಅತಿವಾಹಕದ (ಸೂಪರ್‌ಕಂಡಕ್ಟರ್) ಕೆಲಸವನ್ನು ನಾವು ಊರೂರಿಗೆ ಹಂಚಿಕೊಂಡಿದ್ದೇವೆ. ತುಮಕೂರಿನಲ್ಲಿ ಮೇಷ್ಟ್ರು ಇಟ್ರಿಯಂ, ಬೇರಿಯಂ, ತಾಮ್ರದ ಪುಡಿಗಳನ್ನು ಅರೆದು, ಬಿಲ್ಲೆ ಒತ್ತಿ, ಕುಲುಮೆಯಲ್ಲಿ ಬೇಯಿಸುತ್ತಾರೆ. ಒತ್ತುವ ಅಚ್ಚನ್ನು ಕುಣಿಗಲ್‌ನ ಲೇತ್ ಅಂಗಡಿಯಲ್ಲಿ ಮಾಡಿಸಿದ್ದು. ಅಂಗಡಿಯವರು ಚಕ್ಕುಲಿ ಒರಳು ಅಂದುಕೊಂಡು ಅಡಿಯಲ್ಲಿ ಎಷ್ಟು ತೂತು ಬೇಕು ಎಂದು ಕೇಳಿದ್ದರಂತೆ. ಬಿಲ್ಲೆಯನ್ನು ತಣ್ಣಗೆ ಮಾಡಿ ನೋಡುವುದು ಗುಬ್ಬಿಯಲ್ಲಿ, ನಾನು. ಕಾಲೇಜಿನಲ್ಲಿ ಸಾರಜನಕ ಇಲ್ಲ, ನಮ್ಮ ಹಜಾರದಲ್ಲಿ ಇದೆ. ಪಾಸಾದದ್ದು ಬೆಂಗಳೂರಿಗೆ ಹೋಗುತ್ತದೆ. ಅಲ್ಲಿ ಒಂದು ದೊಡ್ಡ ಸಂಸ್ಥೆಯಲ್ಲಿ ನನ್ನ ಸಹಪಾಠಿ ಸೋಮಶೇಖರ್ ಅದರೊಳಗೆ ಕರೆಂಟು ಹರಿಸಿ ಅಳೆಯುತ್ತಾನೆ.

"ಏನಮ್ಮ, ಕಣ್ಣು ಒಳಕ್ಕೆ ಹೋಗಿದಾವಲ್ಲ," ಎಂದರು ಮೇಷ್ಟ್ರು.

"ಮಗು ಸರ್. ನಿದ್ದೆ ಇಲ್ಲ."

"ಮಗು ಚೆನ್ನಾಗೇ ನಿದ್ದೆ ಮಾಡ್ತಾ ಇದೆಯಲ್ಲ."

"ಅದಕ್ಕೇ ಸರ್."

ಅವರಿಗೆ ಅರ್ಥವಾಗಲಿಲ್ಲ. ಕಾಫಿ ಕುಡಿದು ಹೇಳಿದರು: "ಸರ್ವೀಸೆಲ್ಲಾ ಹುಡುಗರಿಗೆ ಕ್ಯಾಲಿಪರ್ಸ್ ಹಿಡಿಯೋದು ಹೇಳಿಕೊಟ್ಟಿದ್ದೇ ಆಯ್ತು ಕಣಮ್ಮ. ಹೋಗೋದ್ರೊಳಗೆ ಒಂದಾದ್ರೂ ಪೇಪರ್ ಬರಬೇಕು. ನಿನ್ನ ಹೆಸರೂ ಇರುತ್ತೆ. ಜೂನ್‌ನಲ್ಲಿ ಕಾಯಂ ಪೋಸ್ಟ್ ಕರೀತಾರೆ. ಪೇಪರ್ ಇದ್ರೆ ನಿನ್ನ ತಳ್ಳೋಕೆ ಯಾವನಿಗೂ ಆಗಲ್ಲ."

15 ಫೆಬ್ರವರಿ, ಬುಧವಾರ

ಪಕ್ಕದ ಮನೆ ಕರಿಬಸಮ್ಮ ನೋಡಲು ಬಂದರು. ಅವರ ಯಜಮಾನರು ಚನ್ನವೀರಯ್ಯ ಕೊಬ್ಬರಿ ವ್ಯಾಪಾರಿ, ನಮ್ಮ ಬೀದಿಗೆಲ್ಲ ಇರುವ ಒಂದೇ ಫೋನು ಅವರದು. ನಾನು ಬಿಲ್ಲೆಗೆ ದಾರ ಕಟ್ಟಿ ಕ್ಯಾನಿನ ಬಾಯೊಳಗೆ ಇಳಿಬಿಟ್ಟೆ, ಮೇಲೆತ್ತಿ ತಟ್ಟೆಯಲ್ಲಿಟ್ಟೆ, ಕೆಟ್ಟ ರೇಡಿಯೋ ಸ್ಪೀಕರಿನಿಂದ ತೆಗೆದ ಅಯಸ್ಕಾಂತದ ಚೂರೊಂದನ್ನು ಅದರ ಮೇಲೆ ಬಿಟ್ಟೆ. ಚೂರು ಗಾಳಿಯಲ್ಲಿ ನಿಂತಿತು.

"ಅಯ್ಯೋ ಶಿವನೇ! ದಾರ ಎಲ್ಲಿ ಕಟ್ಟಿದ್ದೀರಿ ವನಜಾಕ್ಷಮ್ಮ?"

"ದಾರ ಇಲ್ಲ. ಅಷ್ಟು ತಣ್ಣಗಾದಾಗ ಈ ಬಿಲ್ಲೆ ಅಯಸ್ಕಾಂತನ ಒಳಕ್ಕೆ ಬಿಟ್ಟುಕೊಳ್ಳಲ್ಲ. ಕರೆಂಟೂ ಒಂದಿಷ್ಟೂ ನಷ್ಟ ಆಗದೆ ಹರಿಯುತ್ತೆ."

"ಹಂಗಾದ್ರೆ ಬಿಲ್ ಕಮ್ಮಿ ಬರುತ್ತೆ."

"ಇಷ್ಟು ತಣ್ಣಗೆ ಇಟ್ಟರೆ ಮಾತ್ರ. ಸುಮ್ಮನೆ ಹೊರಗಡೆ ಹವಾದಲ್ಲಿ ಹೀಗೆ ಆಗೋ ವಸ್ತು ಇನ್ನೂ ಯಾರಿಗೂ ಸಿಕ್ಕಿಲ್ಲ."

"ಸಿಕ್ಕಿದ್ರೆ?"

"ಸಿಕ್ಕಿದವರ ಹೆಸರು ಮಕ್ಕಳ ಪಾಠದಲ್ಲಿ ಬರುತ್ತೆ."

ಅತ್ತೆ ಬಾಗಿಲಲ್ಲಿ ನಿಂತಿದ್ದರು. ಅವರಿಗೆ ತೇಲುವುದು ಕಾಣಲಿಲ್ಲ. "ಹೋರಿದು ಮಡಗಿರೋ ಕ್ಯಾನಿನಾಗಿಂದ ಎತ್ತಿದ್ದನ್ನ ತಂದು ಮಗೀನ ಪೌಡರ್ ಡಬ್ಬಿ ತಾವ ಮಡಗ್ತಾಳೆ ನೋಡವ್ವ ಇವಳು. ಓದಿದೋರಿಗೆ ಮೈಲಿಗೆ ಅನ್ನೋದೇ ಇಲ್ವಲ್ಲ," ಎಂದು ಕರಿಬಸಮ್ಮನಿಗೆ ಹೇಳಿದರು, ನನಗೆ ಕೇಳಿಸುವಂತೆ.

ಏಳನೆಯದು ಎಲ್ಲಕ್ಕಿಂತ ಚೆನ್ನಾಗಿ ಎತ್ತಿತು. ಅದೊಂದನ್ನು ಹೊರಗಿಟ್ಟುಕೊಂಡು ಉಳಿದವನ್ನು ಡಬ್ಬಿಗೆ ಹಾಕಿದೆ.

ಮಗುವಿನ ಹತ್ತಿರ ಹೋಗುವ ಮುಂಚೆ ಮೂರು ಸಲ ಕೈ ತೊಳೆದೆ. ಮೈಲಿಗೆಗಲ್ಲ, ಬೇರಿಯಂನ ವಿಷಕ್ಕೆ. ಅತ್ತೆ ಮೆಚ್ಚುಗೆಯಿಂದ ನೋಡಿದರು.

16 ಫೆಬ್ರವರಿ, ಗುರುವಾರ

ಮಧ್ಯಾಹ್ನ ನಿದ್ದೆ ಬಂತು. ಬರೆದಿಡಬೇಕಾದ ಸಂಗತಿ. ಬಚ್ಚಲಲ್ಲಿ ಅತ್ತೆ ಏನೋ ತೊಳೆಯುತ್ತಿದ್ದರು, ಆ ಸದ್ದಿನಲ್ಲೇ ಮಲಗಿದೆ.

ಸಂಜೆ ಮೇಷ್ಟ್ರು ಬಂದು ಏಳನೇ ಬಿಲ್ಲೆಯನ್ನು ಇಕ್ಕಳದಲ್ಲಿ ಎರಡು ಹೋಳು ಮಾಡಿದರು. ಒಂದು ಬೆಂಗಳೂರಿಗೆ. ಇನ್ನೊಂದು ಇಲ್ಲೇ, ಬಸ್ಸಿನಲ್ಲಿ ಜೇಬುಗಳ್ಳರಿದ್ದಾರೆ ಎಂದು.

24 ಫೆಬ್ರವರಿ, ಶುಕ್ರವಾರ

"ವನಜಾಕ್ಷಮ್ಮಾ! ಬೆಂಗ್ಳೂರಿಂದ ಫೋನು! ಬೇಗ ಬನ್ನಿ, ಮೀಟ್ರು ಓಡ್ತಾ ಇದೆಯಂತೆ!" ಎಂದು ಕರಿಬಸಮ್ಮ ಗೋಡೆಯಾಚೆಯಿಂದ ಕೂಗಿದರು. ಮಗುವನ್ನು ಎತ್ತಿಕೊಂಡೇ ಓಡಿದೆ.

ಸೋಮಶೇಖರ್ ನಮಸ್ಕಾರವನ್ನೂ ಹೇಳಲಿಲ್ಲ. "ಕೂತ್ಕೊಂಡಿದ್ದೀರಾ? ನಿಮ್ಮ ಏಳನೇ ಬಿಲ್ಲೆ ಇನ್ನೂರ ನಲವತ್ತು ಕೆಲ್ವಿನ್‌ನಲ್ಲಿ ಸೊನ್ನೆಗೆ ಬಿತ್ತು ಕಣ್ರೀ. ಪೂರ್ತಿ ಸೊನ್ನೆ. ಮೇಲೆ ತಂದ್ರೆ ವಾಪಸ್ ಬರುತ್ತೆ, ಇಳಿಸಿದ್ರೆ ಮತ್ತೆ ಬೀಳುತ್ತೆ. ಎಷ್ಟು ಸಲ ಮಾಡಿದ್ರೂ ಅದೇ."

ಎಲ್ಲರ ಬಿಲ್ಲೆಗಳಲ್ಲೂ ವಿದ್ಯುತ್ ರೋಧ ಸೊನ್ನೆಯಾಗುವುದು ತೊಂಬತ್ತರ ಸುಮಾರಿಗೆ. ಇನ್ನೂರ ನಲವತ್ತು ಎಂದರೆ ಸೊನ್ನೆ ಡಿಗ್ರಿಗಿಂತ ಮೂವತ್ತಮೂರು ಕೆಳಗೆ, ಐಸ್‌ಕ್ರೀಮ್ ಅಂಗಡಿಯ ಪೆಟ್ಟಿಗೆಗಿಂತ ಸ್ವಲ್ಪ ತಣ್ಣಗೆ, ಅಷ್ಟೇ.

"ಯಾರಿಗೂ ಹೇಳ್ಬೇಡಿ," ಎಂದ. ಫೋನು ಇಟ್ಟು ತಿರುಗಿದಾಗ ಚನ್ನವೀರಯ್ಯ, ಕರಿಬಸಮ್ಮ, ಕೊಬ್ಬರಿ ತೂಕ ಹಾಕಿಸಲು ಬಂದಿದ್ದ ಇಬ್ಬರು ನಿಂತಿದ್ದರು. ಒಳ್ಳೆ ಸುದ್ದಿಯಾ ಎಂದು ಕೇಳಿದರು. ಗೊತ್ತಿಲ್ಲ ಎಂದೆ.

ಸಂತೋಷವಾಯಿತೇ ಎಂದು ನನ್ನನ್ನೇ ಕೇಳಿಕೊಂಡೆ. ಮಗುವಿಗೆ ಜ್ವರ ಇಲ್ಲದಿರುವಾಗಲೂ ಹಣೆ ಮುಟ್ಟಿ ನೋಡುತ್ತೇನಲ್ಲ, ಹಾಗೆ ಅನ್ನಿಸಿತು.

27 ಫೆಬ್ರವರಿ, ಶಿವರಾತ್ರಿ

ಊರಿಗೆ ಊರೇ ಎದ್ದಿದೆ. ಇವತ್ತೊಂದು ದಿನ ನಾನು ಎಲ್ಲರಂತೆ.

3 ಮಾರ್ಚ್, ಶುಕ್ರವಾರ

ಮಗುವನ್ನು ಕಟ್ಟಿಕೊಂಡು ತುಮಕೂರಿಗೆ ಹೋಗಿ ಬಂದೆ. ಪ್ರಯೋಗಾಲಯದಲ್ಲಿ ಮೇಷ್ಟ್ರು, ಬೆಂಗಳೂರಿನಿಂದ ಬಂದಿದ್ದ ಸೋಮಶೇಖರ್. ಇಪ್ಪತ್ತನೇ ತಾರೀಖು ಸೋಮವಾರ ಬೆಂಗಳೂರಿನಲ್ಲಿ ಅಖಿಲ ಭಾರತ ಸಮ್ಮೇಳನ ಶುರು, ಮೊದಲ ದಿನವೇ ಬೆಳಿಗ್ಗೆ ಹತ್ತಕ್ಕೆ ಮೇಷ್ಟ್ರು ಮಾತಾಡುವುದು ಎಂದು ನಿಶ್ಚಯವಾಗಿದೆ. ಅದೇ ಪಾಕದಲ್ಲಿ ಮತ್ತೆ ಆರು ಬಿಲ್ಲೆ ಬೇಯಿಸಿದರಂತೆ. ಆರೂ ಮಾಮೂಲಿನಂತೆ ತೊಂಬತ್ತಕ್ಕೇ. ಏಳನೆಯದು ಮಾತ್ರ ಬೇರೆ.

"ಕುಲುಮೇಲಿ ಏನೋ ಆಗಿದೆ," ಎಂದರು ಮೇಷ್ಟ್ರು. "ನಮ್ಮ ಭಾಗ್ಯ."

ಸೋಮಶೇಖರ್ ಸೂಕ್ಷ್ಮದರ್ಶಕದಲ್ಲಿ ತೆಗೆದ ಚಿತ್ರ ತೋರಿಸಿದ. ಕಪ್ಪು ಕಣಗಳ ಸಂದಿಗಳಲ್ಲಿ ಹಳದಿ. ಈ ವಸ್ತು ಕಪ್ಪಗಿರುತ್ತದೆ, ಕೆಟ್ಟರೆ ಹಸಿರಾಗುತ್ತದೆ. ಹಳದಿಯನ್ನು ಯಾರೂ ಕಂಡಿಲ್ಲ. ಇದೇ ಹೊಸ ವಸ್ತು, ಇದರಲ್ಲೇ ಗುಟ್ಟಿರುವುದು ಎಂದ. ಇದಕ್ಕೆ ತುಮಕೂರಿನ ಹೆಸರೇ ಇಡಬೇಕು ಎಂದರು ಮೇಷ್ಟ್ರು. ಹೇಳಿ ನಾಚಿಕೊಂಡು ಕಿಟಕಿಯ ಕಡೆ ನೋಡಿದರು.

ನಾನು ಕೇಳಿದೆ: "ಬಿಲ್ಲೆ ಒಳಗೆ ನೀರಿನ ಪಸೆ ಇದ್ದು, ಅದು ಹೆಪ್ಪುಗಟ್ಟಿ ನೀವು ಅಂಟಿಸಿದ ತಂತಿನ ಎಬ್ಬಿಸಿರಬಹುದಾ? ತಂತಿ ಬಿಟ್ಟುಕೊಂಡು ಕರೆಂಟೇ ಹರಿಯದೆ ಹೋದರೂ ಮೀಟರ್ ಸೊನ್ನೆ ತೋರಿಸುತ್ತಲ್ಲ. ಬಿಸಿಯಾದಾಗ ಮತ್ತೆ ಕೂತುಕೊಳ್ಳುತ್ತೆ."

"ನೀರು ಎಷ್ಟಕ್ಕೆ ಹೆಪ್ಪುಗಟ್ಟುತ್ತೇರಿ?"

"ಇನ್ನೂರ ಎಪ್ಪತ್ಮೂರಕ್ಕೆ."

"ನಮ್ಮದು ಬಿದ್ದಿರೋದು ಇನ್ನೂರ ನಲವತ್ತಕ್ಕೆ. ಮೂವತ್ಮೂರು ಡಿಗ್ರಿ ಲೇಟಾಗಿ ಬರೋಕೆ ಮಂಜುಗಡ್ಡೆ ಏನು ಪ್ಯಾಸೆಂಜರ್ ರೈಲಾ?"

ಮೇಷ್ಟ್ರು ನಕ್ಕರು. ನಾನೂ ನಕ್ಕೆ. ಉತ್ತರ ಸರಿಯಾಗಿತ್ತು.

ಬಸ್ ಹತ್ತಿಸುವಾಗ ಮೇಷ್ಟ್ರು ಮೆಲ್ಲಗೆ ಹೇಳಿದರು: "ಬಾಣಂತಿತನದಲ್ಲಿ ಎಲ್ಲದರ ಮೇಲೂ ಅನುಮಾನ ಬರುತ್ತಂತೆ ಕಣಮ್ಮ. ನಮ್ಮನೇವಳು ಹೇಳ್ತಿದ್ಲು. ತಲೆ ಕೆಡಿಸ್ಕೋಬೇಡ."

8 ಮಾರ್ಚ್, ಬುಧವಾರ

ಡಾಕ್ಟರಮ್ಮ ಕಬ್ಬಿಣದ ಮಾತ್ರೆ ಬರೆದುಕೊಟ್ಟರು. ಮಗು ತೂಕ ಚೆನ್ನಾಗಿದೆ, ತಾಯಿ ಕಡಿಮೆಯಾಗಿದ್ದಾಳೆ ಎಂದರು. ಮಗುವಿನ ಉಸಿರು ನೋಡುವುದಕ್ಕೆ ರಾತ್ರಿ ಎಷ್ಟು ಸಲ ಏಳುತ್ತೀರಿ ಎಂದು ಕೇಳಿದರು. ಹೇಳಿದೆ. ಅವರು ಪೆನ್ನು ಕೆಳಗಿಟ್ಟರು.

10 ಮಾರ್ಚ್, ಶುಕ್ರವಾರ

ಇವರು ಬೆಳಿಗ್ಗೆ ಕೇಳಿದರು: "ರಾತ್ರಿ ಕಿಟಕಿ ತೆಗೀಲೇ ಇಲ್ವಲ್ಲ ನೀನು?"

"ಮರೆತೆ."

ಇನ್ನೂರ ನಲವತ್ತನ್ನು ಯೋಚಿಸುತ್ತಾ ಮಲಗಿದ್ದೆ. ಏಳನೆಯದೊಂದು ಬಿಟ್ಟು ಉಳಿದ ಬಿಲ್ಲೆಗಳೆಲ್ಲ ಒಂದು ತರಹ. ಒಂದೇ ಪುಡಿ, ಒಂದೇ ಅಚ್ಚು, ಒಂದೇ ಕುಲುಮೆ. ಒಂದೇ ತಾಯಿಯ ಮಕ್ಕಳಲ್ಲಿ ಒಂದು ಮಾತ್ರ ಹಳದಿಯಾದರೆ ಡಾಕ್ಟರು ಏನು ಕೇಳುತ್ತಾರೆ? ಹುಟ್ಟಿದ ಮೇಲೆ ಏನು ಕುಡಿಸಿದಿರಿ ಎಂದು ಕೇಳುತ್ತಾರೆ. ನಾನು ಏನನ್ನೂ ಕುಡಿಸಿಲ್ಲ.

12 ಮಾರ್ಚ್, ಭಾನುವಾರ

ಚನ್ನವೀರಯ್ಯನವರ ಮನೆಯಿಂದ ಸೋಮಶೇಖರನಿಗೆ ಫೋನು ಮಾಡಿದೆ. ಅವರ ಫೋನಿನ ಡಯಲ್ಲಿಗೆ ಸಣ್ಣ ಬೀಗವಿದೆ, ಕೀಲಿ ಅವರ ಉಡಿದಾರದಲ್ಲಿ. ಬೀಗ ತೆಗೆದು ಪಕ್ಕದಲ್ಲೇ ನಿಂತಿದ್ದರು.

"ಬೀಳುವ ಹೊತ್ತಿನಲ್ಲಿ ಕರೆಂಟು ಹರಿಯುತ್ತಿತ್ತಾ ನೋಡಿದ್ರಾ?"

"ಅದು ಕಾನ್‌ಸ್ಟಂಟ್ ಕರೆಂಟ್ ಸೋರ್ಸು ಕಣ್ರೀ. ಹೆಸರಲ್ಲೇ ಇದೆಯಲ್ಲ, ಒಂದೇ ಸಮ ಹರಿಯುತ್ತೆ ಅಂತ."

"ನೋಡಿದ್ರಾ ಅಂತ ಕೇಳಿದ್ದು."

"ವನಜಾಕ್ಷಿಯವರೇ, ನೀವು ಮೊದಲು ನಿದ್ದೆ ಮಾಡಿ. ಆಮೇಲೆ ಸಂಶೋಧನೆ."

ಚನ್ನವೀರಯ್ಯ ಬೀಗ ಹಾಕಿಕೊಂಡು ಕೇಳಿದರು: "ಕರೆಂಟು ಹರೀತಿತ್ತಂತಾ?"

"ನೋಡಿಲ್ಲವಂತೆ."

"ನೋಡಬೇಕಿತ್ತಲ್ಲ ಮತ್ತೆ," ಎಂದರು.

ಅವರೊಬ್ಬರೇ ನನ್ನ ಪಕ್ಷ. ನಿದ್ದೆ ಮಾಡಲು ಪ್ರಯತ್ನಪಟ್ಟೆ.

17 ಮಾರ್ಚ್, ಶುಕ್ರವಾರ

ಸಮ್ಮೇಳನದ ಸಾರಾಂಶ ಅಚ್ಚಾಗಿ ಬಂದಿದೆ. ಮೇಷ್ಟ್ರೇ ತಂದು ಕೊಟ್ಟರು. ಮೂರು ಹೆಸರು, ಮಧ್ಯದ್ದು ನನ್ನದು. ಬಿ. ವನಜಾಕ್ಷಿ, ತುಮಕೂರು. ಇವರು ಅದನ್ನು ಕುಂಕುಮ ಹಚ್ಚಿ ದೇವರ ಮುಂದೆ ಇಟ್ಟರು. ಅಷ್ಟು ಹೊತ್ತು ನನಗೂ ಹೊಟ್ಟೆಯೊಳಗೆ ಬೆಚ್ಚಗಿತ್ತು, ಸುಳ್ಳೇಕೆ ಬರೆಯಲಿ.

ಮೇಷ್ಟ್ರು ಹೊಸ ಕೋಟು ಹೊಲಿಸಿದ್ದಾರೆ. ಮದುವೆಗೆ ಹೊಲಿಸಿದ್ದು ಹಿಡಿಸುವುದಿಲ್ಲವಂತೆ. ಪತ್ರಿಕೆಯವರೂ ಬರುತ್ತಾರಂತೆ. "ಏನು ಕೇಳ್ತಾರೋ, ಕನ್ನಡದಲ್ಲಿ ಹೇಗೆ ಹೇಳೋದು ಅಂತ ರಾತ್ರಿಯೆಲ್ಲ ಅಭ್ಯಾಸ ಮಾಡ್ತಿದೀನಿ," ಎಂದರು. ಹೇಳಿ ತೋರಿಸಿದರು. ಚೆನ್ನಾಗಿತ್ತು.

ನಾಳೆ ಇವರು ಇಲಾಖೆಯ ಶಿಬಿರಕ್ಕೆ ಕುಣಿಗಲ್‌ಗೆ ಹೋಗಿ ಮಂಗಳವಾರ ಬರುತ್ತಾರೆ.

19 ಮಾರ್ಚ್, ಭಾನುವಾರ

ಬರೆಯಲು ಹೊತ್ತಿಲ್ಲ, ಆದರೂ ನಡೆದದ್ದನ್ನು ನಡೆದ ಹಾಗೆ ಒಂದು ಸಲ ಬರೆದುಕೊಳ್ಳಬೇಕು.

ಸಂಜೆ ಏಳನೆಯದರ ಅರ್ಧ ಹೋಳನ್ನು ಡಬ್ಬಿಯಿಂದ ತೆಗೆದು ನೋಡುತ್ತಾ ಕೂತಿದ್ದೆ. ಅತ್ತೆ ಮಗುವಿಗೆ ಕಾಲ ಮೇಲೆ ಹಾಕಿಕೊಂಡು ಎಣ್ಣೆ ಹಚ್ಚುತ್ತಿದ್ದರು. ಹೋಲಿಸಿ ನೋಡಲು ಆರನೆಯದನ್ನೂ ಕ್ಯಾನಿನಲ್ಲಿ ಅದ್ದಿ ಎತ್ತಿ ಪೌಡರ್ ಡಬ್ಬಿಯ ಪಕ್ಕ ಇಟ್ಟೆ. ಅತ್ತೆ ತಲೆಯೆತ್ತದೆ ಹೇಳಿದರು:

"ಅದನ್ನೂ ತೊಳ್ದು ಕೊಡ್ಲೇನೇ, ಅವತ್ತಿನಂಗೆ?"

"ಯಾವತ್ತಿನ ಹಾಗೆ ಅತ್ತೆ?"

"ಅವತ್ತು ನೀನು ನಿದ್ದೆ ಹೋಗಿದ್ದೆಲ್ಲ. ಹೋರಿದರ ಜೊತೆ ಇದ್ದಿದ್ದು, ಮಗೀನ ತಾವ ನೀನು ಮಡಗಿದ್ದೆ. ನಿನಗೆ ಹೇಳಿದ್ರೆ ನೀನೆಲ್ಲಿ ಕೇಳ್ತೀಯ. ಉಪ್ಪು ಅರಿಶಿನದ ನೀರಿನಾಗೆ ನೆನೆ ಹಾಕಿ, ಒರೆಸಿ, ಒಲೆ ಪಕ್ಕ ಒಣಗಾಕಿ, ಎಲ್ಲಿತ್ತೋ ಅಲ್ಲೇ ಮಡಗ್ದೆ."

ಹಳದಿ.

ನಾನು ಹೋಳನ್ನು ದೀಪದ ಹತ್ತಿರ ಹಿಡಿದು ಸಂದಿಗಳನ್ನು ನೋಡಿದೆ. ಅತ್ತೆಗೆ ಭಯವಾಯಿತು. "ತಪ್ಪಾಯ್ತೇನೇ?"

"ಎಷ್ಟು ಉಪ್ಪು ಹಾಕಿದ್ರಿ?"

"ಒಂದು ಹಿಡಿ. ಕಲ್ಲುಪ್ಪು."

"ನೀರು ಎಷ್ಟು?"

"ಒಂದು ಲೋಟ. ಮೈಲಿಗೆ ಹೋಗ್ಬೇಕಲ್ಲವ್ವ."

"ಎಷ್ಟು ಹೊತ್ತು ನೆನೆಸಿದ್ರಿ?"

"ನೀನು ಏಳೋಕೆ ಒಂದು ಗಳಿಗೆ ಮುಂಚೆಗಂಟ."

ಉಪ್ಪಿನ ನೀರು ಸೊನ್ನೆಯಲ್ಲಿ ಹೆಪ್ಪುಗಟ್ಟುವುದಿಲ್ಲ. ಕಲ್ಲುಪ್ಪಿನಲ್ಲಿ ಮೆಗ್ನೀಷಿಯಂ ಕೂಡ ಇರುತ್ತದೆ, ಹಳೆಯ ಕೋಷ್ಟಕ ತೆಗೆದು ನೋಡಿದೆ: ಆ ನೀರು ಪೂರ್ತಿ ಗಟ್ಟಿಯಾಗುವುದು ಸೊನ್ನೆಗಿಂತ ಮೂವತ್ತಮೂರು ಡಿಗ್ರಿ ಕೆಳಗೆ. ಒಲೆಯ ಪಕ್ಕ ಮೇಲ್ಮೈ ಒಣಗಿರುತ್ತದೆ, ಒಳಗಿನ ರಂಧ್ರಗಳಲ್ಲಿ ಉಪ್ಪು ಉಳಿದಿರುತ್ತದೆ, ಉಪ್ಪು ಗಾಳಿಯ ಪಸೆ ಎಳೆದುಕೊಳ್ಳುತ್ತದೆ. ಮಂಜುಗಡ್ಡೆ ಲೇಟಾಗಿ ಬಂದದ್ದಲ್ಲ. ಅದರ ವೇಳೆಗೇ ಬಂದಿದೆ.

ಆದರೆ ಇಷ್ಟಕ್ಕೇ ಯಾರು ನಂಬುತ್ತಾರೆ? ಟಾರ್ಚಿನ ಸೆಲ್ಲು, ಇವರ ಮುಳ್ಳಿನ ಮೀಟರು, ಪ್ರಯೋಗಾಲಯದಿಂದ ತಂದಿದ್ದ, ತಂತಿ ಅಂಟಿಸುವ ಬೆಳ್ಳಿ ಲೇಪದ ಸಣ್ಣ ಸೀಸೆ ಹೊರತೆಗೆದೆ. ಅರ್ಧ ಹೋಳಿಗೆ ಎರಡು ತಂತಿ ಅಂಟಿಸಿ ಸೆಲ್ಲು, ಮೀಟರು ಜೋಡಿಸಿದೆ. ದಾರ ಹಿಡಿದು ಕ್ಯಾನಿನ ಕುತ್ತಿಗೆಯೊಳಗೆ ನಿಧಾನವಾಗಿ ಇಳಿಸಲು ಇನ್ನೊಂದು ಕೈ ಬೇಕಿತ್ತು.

"ಅತ್ತೆ, ಇಲ್ಲಿ ಬನ್ನಿ."

"ನಾನಾ? ಅದನ್ನಾ?"

"ಆಮೇಲೆ ಸ್ನಾನ ಮಾಡೀರಂತೆ."

ಮಗುವನ್ನು ಚಾಪೆಯ ಮೇಲೆ ಮಲಗಿಸಿ ಬಂದರು. ದಾರ ಇಳಿಸಿದರು. ನಾನು ಬರೆದುಕೊಳ್ಳುತ್ತಿದ್ದೆ, ಮುಳ್ಳನ್ನು ನೋಡುತ್ತಿದ್ದವರು ಅವರೇ.

"ಬಿದ್ದೋಯ್ತು ಕಣೇ ಮುಳ್ಳು! ಪೂರಾ ಬಿದ್ದೋಯ್ತು!"

"ಮೇಲೆತ್ತಿ."

"ಎದ್ದೈತೆ... ಇಳಿಸ್ಲಾ?"

ಇಳಿಸಿದರೆ ಬೀಳುತ್ತದೆ, ಎತ್ತಿದರೆ ಏಳುತ್ತದೆ. ರೋಧ ಹೋಗಿದ್ದರೆ ಕರೆಂಟು ಅಳೆಯುವ ಈ ಮುಳ್ಳು ಏಳಬೇಕಿತ್ತು. ರೋಧ ಹೋದದ್ದಲ್ಲ, ಕರೆಂಟು ನಿಂತದ್ದು. ಆಮೇಲೆ ತೊಳೆಯದ ಆರನೇ ಬಿಲ್ಲೆ. ತಳದ ತನಕ ಇಳಿಸಿದರೂ ಮುಳ್ಳು ಬೀಳಲಿಲ್ಲ. ಅತ್ತೆಗೆ ಬೇಜಾರಾಯಿತು. "ಇದು ಕೆಟ್ಟೋಗೈತೆ ಬುಡು," ಎಂದರು.

"ಇದನ್ನ ಅವತ್ತಿನ ಹಾಗೇ ತೊಳೀರಿ ಅತ್ತೆ. ಅದೇ ಉಪ್ಪು, ಅದೇ ಅರಿಶಿನ, ಅದೇ ಲೋಟ."

ತೊಳೆದರು, ನೆನೆಸಿದರು, ಒರೆಸಿದರು, ಒಲೆಯ ಪಕ್ಕ ಇಟ್ಟರು. ನಾನು ಹೊಸದಾಗಿ ತಂತಿ ಅಂಟಿಸಿದೆ. ಇಳಿಸಿದಾಗ ಮುಳ್ಳು ಸೊನ್ನೆಗೆ ಬಿತ್ತು. ಸಂದಿಗಳಲ್ಲಿ ಹಳದಿ. ಈಗ ಆರನೇ ಬಿಲ್ಲೆಯೂ ಜಗತ್ತಿನ ಅದ್ಭುತ.

"ಮಗು ಎದ್ದೈತೇನೋ ನೋಡೇ," ಎಂದರು ಅತ್ತೆ. ಆಗಲೇ ನನಗೆ ನೆನಪಾದದ್ದು. ಮಲಗಿತ್ತು.

ಇದೆಲ್ಲ ಮುಗಿಯುವ ಹೊತ್ತಿಗೆ ಹತ್ತೂವರೆ. ಬಸ್ ಸ್ಟ್ಯಾಂಡಿನ ಫೋನ್ ಬೂತು ಮುಚ್ಚಿತ್ತು. ಕರಿಬಸಮ್ಮನ ಬಾಗಿಲು ತಟ್ಟಿದೆ.

"ಫೋನಾ? ಬೀಗ ಹಾಕೈತಲ್ಲಮ್ಮ. ಯಜಮಾನ್ರು ಕುಣಿಗಲ್‌ಗೆ ಮದುವೆಗೆ ಹೋದ್ರು, ಕೀಲಿ ಉಡಿದಾರದಾಗೇ ಹೋಯ್ತು. ನನ್ನ ಮೇಲೂ ನಂಬಿಕೆ ಇಲ್ಲ ಆ ಮನುಷ್ಯಂಗೆ."

ರಿಸೀವರ್ ಇಡುವ ಗುಂಡಿಯನ್ನು ಲೆಕ್ಕವಾಗಿ ತಟ್ಟಿದರೂ ನಂಬರು ಹೋಗುತ್ತದೆ ಎಂದು ಗೊತ್ತಿತ್ತು. ತಟ್ಟಿದೆ. ಯಾರೋ ಗಂಡಸರು ಎತ್ತಿ, ನಾನು ವಿವರಿಸುವ ಮುಂಚೆಯೇ ಬೈದರು. ಇನ್ನೊಂದು ಸಲ ತಟ್ಟಿದೆ. ಅವರೇ ಎತ್ತಿದರು.

ಹೊರಗಿನಿಂದ ಬಂದರೆ ಮಾತ್ರ ಫೋನು ಹೊಡೆದುಕೊಳ್ಳುತ್ತದೆ. ಹಾಲಿನ ವ್ಯಾನಿನ ಶಿವರಾಮಯ್ಯ ಈಗ ಗುಬ್ಬಿ ಬಿಟ್ಟು ತುಮಕೂರಿಗೆ ಹೋಗುತ್ತಾರೆ, ಇವರಿಗೆ ಪರಿಚಯ, ಮೇಷ್ಟ್ರ ಮನೆ ದಾರಿಯಲ್ಲೇ. ಈ ಹಾಳೆಗಳನ್ನು ಹರಿದು ಅವರ ಕೈಯಲ್ಲಿ ಕೊಡುತ್ತೇನೆ. ಬೇರೆ ಕಾಗದದಲ್ಲಿ ಅಂದವಾಗಿ ಬರೆಯುವಷ್ಟು ಹೊತ್ತು ಇಲ್ಲ. ದನದ ಔಷಧಿಯ ಸಾಲನ್ನು ಮನ್ನಿಸಿ.

ಸರ್,

ಮೇಲೆ ಬರೆದಿರುವುದನ್ನು ದಯವಿಟ್ಟು ಕೂತು ಓದಿ. ಏಳನೇ ಬಿಲ್ಲೆ ಬೇರೆಯಲ್ಲ. ಅದನ್ನು ಉಪ್ಪು ಅರಿಶಿನದಲ್ಲಿ ತೊಳೆದಿದ್ದಾರೆ. ಹಳದಿಗೆ ತುಮಕೂರಿನ ಹೆಸರು ಇಡುವುದು ಬೇಡ.

ನಾಳೆ ಹತ್ತು ಗಂಟೆಗೆ ನೀವು ಅಷ್ಟು ಜನರ ಮುಂದೆ ನಿಲ್ಲುತ್ತೀರಿ. ಯಾರೋ ಒಬ್ಬರು ಎದ್ದು, ಕರೆಂಟು ಹರಿಯುತ್ತಿತ್ತಾ ನೋಡಿದ್ದೀರಾ ಎಂದು ಕೇಳುತ್ತಾರೆ. ಕೊಬ್ಬರಿ ವ್ಯಾಪಾರಿಗೆ ಹೊಳೆದದ್ದು ಅವರಿಗೆ ಹೊಳೆಯದೆ ಇರುವುದಿಲ್ಲ. ಆಮೇಲೆ ನಿಮ್ಮ ಸರ್ವೀಸಿನಲ್ಲಿ ಎಲ್ಲರಿಗೂ ನೆನಪಿರುವುದು ಅದೊಂದೇ ಆಗುತ್ತದೆ. ನನ್ನ ಹೆಸರನ್ನು ತೆಗೆದುಬಿಡಿ ಎಂದು ನಾನು ಕೇಳುತ್ತಿಲ್ಲ. ಮೂರು ಹೆಸರೂ ಬೇಡ ಎಂದು ಕೇಳುತ್ತಿದ್ದೇನೆ. ಜೂನ್‌ನಲ್ಲಿ ಏನಾಗುತ್ತದೆ ಎಂಬುದು ನನಗೆ ಗೊತ್ತು, ಅದನ್ನು ಯೋಚಿಸಿಯೇ ಬರೆಯುತ್ತಿದ್ದೇನೆ.

ಬಾಣಂತಿಯ ಅನುಮಾನ ಎಂದು ಪಕ್ಕಕ್ಕಿಡಬೇಡಿ ಸರ್. ಅನುಮಾನವಿದ್ದಾಗ ನಾನು ನಿಮ್ಮ ಮುಂದೆ ನಕ್ಕು ಸುಮ್ಮನಾಗಿದ್ದೆ. ಈಗ ಅನುಮಾನವಿಲ್ಲ.

ಬರೀ ಕಾಗದ ನೋಡಿ ನೀವು ಒಪ್ಪುವುದಿಲ್ಲ, ಒಪ್ಪಬಾರದು, ನೀವೇ ಕಲಿಸಿದ್ದು. ಪ್ರಶ್ನೆ ಕೇಳಿ. ಎಷ್ಟು ಸಲ ಇಳಿಸಿದೆ, ತಂತಿ ಹೇಗೆ ಅಂಟಿಸಿದೆ, ಸೆಲ್ಲು ಎಷ್ಟು ಹಳೆಯದು, ಎಲ್ಲಕ್ಕೂ ಉತ್ತರ ಇದೆ. ನನಗೆ ಗೊತ್ತಿಲ್ಲದ್ದಕ್ಕೆ ಅತ್ತೆ ಇದ್ದಾರೆ. ಅವರು ಸ್ನಾನ ಮಾಡಿ ಮಗುವನ್ನು ಎತ್ತಿಕೊಂಡು ಬಂದು ನನ್ನ ಪಕ್ಕದಲ್ಲಿ ಕೂತಿದ್ದಾರೆ. ಕರಿಬಸಮ್ಮ ಫೋನಿಗಾಗಿ ತಮ್ಮ ಹಜಾರದ ದೀಪ ಆರಿಸಿಲ್ಲ. ಚನ್ನವೀರಯ್ಯನವರ ನಂಬರು ನಿಮ್ಮಲ್ಲಿದೆ. ನನ್ನಿಂದ ಮಾಡಲಾಗುವುದಿಲ್ಲ, ನೀವೇ ಮಾಡಬೇಕು.

ಈ ಹಾಳೆ ಮೊದಲು ನಿಮ್ಮ ಮನೆಯ ಅಮ್ಮನವರ ಕೈಗೆ ಸಿಕ್ಕಿದರೆ, ಅಮ್ಮ, ದಯವಿಟ್ಟು ಅವರನ್ನು ಎಬ್ಬಿಸಿ. ನಿದ್ದೆ ಕೆಡುತ್ತದೆ ಎಂದು ನೋಡಬೇಡಿ. ಮೊದಲ ಬಸ್ಸು ಐದೂವರೆಗೆ. ಕೋಟು ಹಾಕಿಕೊಂಡು ಹೊರಟುಬಿಟ್ಟರೆ ಆಮೇಲೆ ಅವರನ್ನು ಹಿಡಿಯಲು ನನಗೆ ದಾರಿಯಿಲ್ಲ.

ಸರ್, ಬೆಳಗಾಗುವುದರೊಳಗೆ ಫೋನ್ ಮಾಡಿ. ಬೈಯುವುದಕ್ಕಾದರೂ ಸರಿ, ಮಾಡಿ.